ಒಂದು ಬಳಸಲಿಕ್ಕೆ, ಇನ್ನೊಂದು ಮುರಿಯಲಿಕ್ಕೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಒಂದೇ ಥರದ ಎರಡು ಚಾಕು ತರಿಸಿದೆ. ಒಂದು ಬಳಸಲಿಕ್ಕೆ. ಇನ್ನೊಂದು ಮುರಿಯಲಿಕ್ಕೆ.

ಈ ಮಾತನ್ನು ಮನೆಯಲ್ಲಿ ಹೀಗೇ ಹೇಳಬಾರದಿತ್ತು. ಆಯಿ ಅಡುಗೆಮನೆಯಿಂದ ಹೊರಗೆ ಬಂದು ಎರಡೂ ಪೊಟ್ಟಣ ನೋಡಿ, "ದುಡ್ಡು ಕೊಟ್ಟು ತಂದು ಮುರಿಯದಾ? ನಿಂಗೆ ಮಳ್ಳಾ?" ಅಂತ ಕೇಳಿದಳು. ಅಪ್ಪಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ. ಒಂದಕ್ಕೆ 850 ರೂಪಾಯಿ ಅಂತ ಗೊತ್ತಾದ ಮೇಲೆ ಎತ್ತಿದರು.

ಹಾಗೆ ನೋಡಿದರೆ ಶಿರಸಿ ಕಡೆಯ ತೋಟದ ಮನೆಯಲ್ಲಿ ಅಲಗಿಗೆ ಬರವಿಲ್ಲ. ಸೊಂಟದ ಕೊಕ್ಕೆಗೆ ಸಿಕ್ಕಿಸುವ ಕತ್ತಿ ಇದೆ. ಅಡುಗೆಮನೆಯಲ್ಲಿ ಮೆಟ್ಟುಗತ್ತಿ ಇದೆ. ಅಡಿಕೆ ಸುಲಿಯುವ ಕತ್ತಿಗಳು ಜಗಲಿಯ ಮೂಲೆಯಲ್ಲಿ ಸಾಲಾಗಿ ಇವೆ. ಕವಳದ ಬಟ್ಟಲಿನ ಪಕ್ಕ ಅಜ್ಜನ ಕಾಲದ ಅಡಕತ್ತರಿ ಇದೆ. ಆದರೆ ತೋಟದಲ್ಲಿ ದಿನಾ ಬೀಳುವ ಸಣ್ಣ ಕೆಲಸಕ್ಕೆ ಇದ್ಯಾವುದೂ ಸರಿ ಹೋಗುವುದಿಲ್ಲ. ಡ್ರಿಪ್ ಪೈಪು ಕತ್ತರಿಸಬೇಕು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಮೆಣಸಿನ ಬಳ್ಳಿಗೆ ಕಟ್ಟಿದ ಹಳೇ ಹಗ್ಗ ತೆಗೆಯಬೇಕು. ಇಷ್ಟಕ್ಕೆ ಕತ್ತಿ ಎತ್ತಿದರೆ ಹಗ್ಗದ ಜೊತೆ ಬಳ್ಳಿಯೂ ಹೋಗುತ್ತದೆ. ನಾನು ಮೊದಲು ಮಡಚುವ ಚಾಕು ಇಟ್ಟುಕೊಂಡಿದ್ದೆ. ಎರಡು ಮಳೆಗಾಲದಲ್ಲಿ ಅದರ ಕೀಲಿನೊಳಗೆ ಮಣ್ಣು, ಅಡಿಕೆ ಸಿಪ್ಪೆಯ ನಾರು, ತುಕ್ಕು ಎಲ್ಲ ಸೇರಿ ಅದು ಮಡಚುವುದನ್ನೇ ಬಿಟ್ಟಿತು. ಅದಕ್ಕೇ ಈ ಸಲ ಮಡಚದ ಚಾಕು. ಕೀಲಿಲ್ಲ, ಸ್ಪ್ರಿಂಗಿಲ್ಲ. ಒಂದೇ ಉಕ್ಕಿನ ತುಂಡು ತುದಿಯಿಂದ ಹಿಡಿಯ ಕೊನೆತನಕ ಹೋಗಿದೆ, ಎರಡು ಬದಿಗೆ ಪ್ಲಾಸ್ಟಿಕ್ಕಿನ ಹಿಡಿ ಕೂರಿಸಿ ರಿವೆಟ್ ಹೊಡೆದಿದ್ದಾರೆ. ಅಲಗು 9 ಸೆಂಟಿಮೀಟರ್ ಉದ್ದ, ಬೆನ್ನು 3 ಮಿಲಿಮೀಟರ್ ದಪ್ಪ.

ಕಾನೂನಿನ ಭಯ ಇರುವವರಿಗೆ ಒಂದು ಮಾತು. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತದೆ, ಮನೆ ಮತ್ತು ಕೃಷಿ ಬಳಕೆಯವನ್ನು ಬಿಟ್ಟು. ನನ್ನ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ. ನಮ್ಮ ಕತ್ತಿಗಳು ಬರುತ್ತವೆ, ಆದರೆ ಅವು ಕೃಷಿಯವು. ಬೇಸಾಯಗಾರನಾಗಿ ಹುಟ್ಟಿದ್ದಕ್ಕೆ ಇದೊಂದು ಲಾಭ.

ಚಾಕು ಯಾವ ಕಂಪನಿಯದು ಅಂತ ಇಲ್ಲಿ ಹೇಳುವುದಿಲ್ಲ. ಎರಡು ಚಾಕುವಿನಲ್ಲಿ ಒಂದನ್ನು ಮುರಿದು ಕಂಪನಿಗೆ ಅಂಕ ಕೊಡುವಷ್ಟು ದೊಡ್ಡವನು ನಾನಲ್ಲ. ಪೆಟ್ಟಿಗೆಯ ಮೇಲೆ ಉಕ್ಕಿನ ಹೆಸರು ಇತ್ತು: 8ಸಿಆರ್13ಎಂಒವಿ. ಮಂತ್ರದ ಹಾಗೆ ಕಂಡರೂ ಬಿಡಿಸಿದರೆ ಸುಲಭ. ಸುಮಾರು 0.8 ಶೇಕಡಾ ಇಂಗಾಲ, 13 ಶೇಕಡಾದಷ್ಟು ಕ್ರೋಮಿಯಂ, ಜೊತೆಗೆ ಚೂರು ಮಾಲಿಬ್ಡಿನಂ, ಚೂರು ವನೇಡಿಯಂ. ಚೀನಾದಲ್ಲಿ ತಯಾರಾಗುವ ಅಗ್ಗದ ಚಾಕುಗಳಲ್ಲಿ ಇದು ಬಹಳ ಸಾಮಾನ್ಯ. ಪೆಟ್ಟಿಗೆಯ ಇನ್ನೊಂದು ಮಗ್ಗುಲಲ್ಲಿ ಗಡಸುತನ 57–59 ಎಚ್‌ಆರ್‌ಸಿ ಅಂತ ಬರೆದಿತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಇದು ತುಂಬಾ ಗಟ್ಟಿ ಅನ್ನುವ ಅರ್ಥದ ಒಂದು ಸಾಲು.

ಆ ಗಟ್ಟಿಯಲ್ಲೇ ನನ್ನ ತಲೆ ಕೆಟ್ಟಿದ್ದು.

ಕನ್ನಡದಲ್ಲಿ ಗಟ್ಟಿ ಅನ್ನುವ ಮಾತಿಗೆ ಕೆಲಸ ಜಾಸ್ತಿ. ಕಲ್ಲು ಗಟ್ಟಿ. ಹಗ್ಗ ಗಟ್ಟಿ. ಮುದುಕಿ ಗಟ್ಟಿ. ಮೊಸರೂ ಗಟ್ಟಿ. ಗಾಜು ಗಟ್ಟಿಯೇ, ಉಗುರಿನಿಂದ ಗೀರಲು ಆಗುವುದಿಲ್ಲ. ಆದರೆ ಕೈಯಿಂದ ಜಾರಿದರೆ ಕತೆ ಮುಗಿಯಿತು. ಎತ್ತಿನ ಬಾರುಕೋಲಿನ ಚರ್ಮವೂ ಗಟ್ಟಿ, ಅದನ್ನು ಎಷ್ಟು ಬಡಿದರೂ ಒಡೆಯುವುದಿಲ್ಲ, ಆದರೆ ಚಾಕುವಿನಿಂದ ಗೀರಬಹುದು. ಈ ಎರಡು ಗಟ್ಟಿ ಒಂದೇ ಅಲ್ಲವಲ್ಲ. ಮೊದಲನೆಯದಕ್ಕೆ ಗಡಸು ಅನ್ನಬಹುದು. ಎರಡನೆಯದಕ್ಕೆ ನಮಗೆ ಕತ್ತಿ ಬಡಿದುಕೊಡುವ ಆಚಾರಿ 'ಜಿಗಿ' ಅನ್ನುತ್ತಾರೆ. ಜಿಗಿ ಇಲ್ಲದ ಗಡಸಿಗೆ ಹಳಬರ ಮಾತು ಪೆಡಸು. ನನಗೆ ಬೇಕಾಗಿದ್ದು ಜಿಗಿಯ ಲೆಕ್ಕ. ಪೆಟ್ಟಿಗೆಯ ಮೇಲೆ ಬರೆದಿದ್ದು ಗಡಸಿನ ಲೆಕ್ಕ.

ಎಚ್‌ಆರ್‌ಸಿ ಅಂದರೆ ರಾಕ್‌ವೆಲ್ ಅಳತೆ. ವಜ್ರದ ಸಣ್ಣ ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಉಕ್ಕಿನ ಮೇಲೆ ಒತ್ತುತ್ತಾರೆ. ಎಷ್ಟು ಆಳ ಇಳಿಯಿತು ಅನ್ನುವುದರ ಮೇಲೆ ಅಂಕ. ಕಡಿಮೆ ಇಳಿದರೆ ಜಾಸ್ತಿ ಅಂಕ. ಇದರಲ್ಲಿ ಪೆಟ್ಟು ತಿಂದರೆ ಮುರಿಯುತ್ತದೋ ಇಲ್ಲವೋ ಅನ್ನುವ ಸುದ್ದಿಯೇ ಇಲ್ಲ. ಬಹಳ ಸಲ ಅಂಕ ಏರಿದ ಹಾಗೆ ಮುರಿಯುವ ಭಯವೂ ಏರುತ್ತದೆ.

ಇದನ್ನು ಆಯಿಗೆ ತಿಳಿಸಲು ಹಲಸಿನ ಹಪ್ಪಳ ಸಾಕಾಯಿತು. ಆಗಷ್ಟೇ ಒತ್ತಿದ ಹಪ್ಪಳ ಮೆತ್ತಗೆ, ಎತ್ತಿದರೆ ಹರಿಯುತ್ತದೆ. ಒಂದು ಬಿಸಿಲು ಕಂಡ ಹಪ್ಪಳ ಬಾಗುತ್ತದೆ, ಆದರೆ ಹರಿಯುವುದಿಲ್ಲ. ನಾಲ್ಕು ಬಿಸಿಲು ಕಂಡ ಹಪ್ಪಳವನ್ನು ಬಾಗಿಸಲು ಹೋದರೆ ಟಪ್ ಅಂತ ಎರಡು ಚೂರು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ನಾಲ್ಕು ಬಿಸಿಲಿನ ಹಪ್ಪಳ. ಗಡಸು, ಆದರೆ ಪೆಡಸು. ಅದನ್ನು ಮತ್ತೆ ಹದವಾಗಿ ಬಿಸಿ ಮಾಡಿ ಒಂದಿಷ್ಟು ಗಡಸು ಬಿಟ್ಟುಕೊಟ್ಟು ಒಂದಿಷ್ಟು ಜಿಗಿ ಪಡೆಯಬೇಕು. ಹದ ಹಾಕುವುದು ಅಂದರೆ ಈ ಚೌಕಾಸಿ. ಎಷ್ಟು ಬಿಟ್ಟುಕೊಟ್ಟರು ಅನ್ನುವುದು ಚಾಕುವಿನ ಮುಖ ನೋಡಿದರೆ ತಿಳಿಯುವುದಿಲ್ಲ.

ಅದಕ್ಕೇ ಎರಡು ತರಿಸಿದ್ದು. ಗಡಸನ್ನು ನೀವು ಬಳಸುವ ಚಾಕುವಿನ ಮೇಲೇ ನೋಡಬಹುದು. ಹಿಡಿಯ ಹತ್ತಿರ, ಕಾಣದ ಜಾಗದಲ್ಲಿ ಅರದಿಂದ ಒಂದು ಸಲ ಉಜ್ಜಿದರೆ ಸಾಕು. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಚಾಕು ಹೆಚ್ಚುಕಡಿಮೆ ಅರದಷ್ಟೇ ಗಡಸು. ನನ್ನದರಲ್ಲಿ ಸ್ವಲ್ಪ ಜಾರಿ ಸ್ವಲ್ಪ ಕಚ್ಚಿತು. ಪೆಟ್ಟಿಗೆಯ ಲೆಕ್ಕ ಸುಳ್ಳಿರಲಿಕ್ಕಿಲ್ಲ. ಜಿಗಿ ಹಾಗಲ್ಲ. ಎಲ್ಲಿಯವರೆಗೆ ತಡೆಯುತ್ತದೆ ಅಂತ ತಿಳಿಯಬೇಕಾದರೆ ತಡೆಯದೆ ಹೋಗುವತನಕ ಹೋಗಬೇಕು. ಗೊತ್ತಾಗುವ ಹೊತ್ತಿಗೆ ಚಾಕು ಇರುವುದಿಲ್ಲ. ಆಮೇಲೆ ಅದರ ತಮ್ಮನನ್ನು ನಂಬಿ ಬಳಸಬೇಕು.

ದೊಡ್ಡ ಕಾರ್ಖಾನೆಗಳೂ ಮಾಡುವುದು ಇದನ್ನೇ. ಚಾರ್ಪಿ ಪರೀಕ್ಷೆ ಅಂತ ಒಂದಿದೆ. ಜಾರ್ಜ್ ಚಾರ್ಪಿ ಅನ್ನುವ ಫ್ರೆಂಚ್ ವಿಜ್ಞಾನಿಯ ಹೆಸರು, 1901ರಿಂದ ಬಂದದ್ದು. 10 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಅಗಲ, 55 ಮಿಲಿಮೀಟರ್ ಉದ್ದದ ಉಕ್ಕಿನ ತುಂಡಿನ ನಡುವೆ 2 ಮಿಲಿಮೀಟರ್ ಆಳದ ಒಂದು ಕಚ್ಚು ಹಾಕುತ್ತಾರೆ. ಗಡಿಯಾರದ ಲೋಲಕದ ಹಾಗೆ ತೂಗುವ ಭಾರದ ಸುತ್ತಿಗೆಯನ್ನು ಎತ್ತರದಿಂದ ಬಿಡುತ್ತಾರೆ. ಅದು ತುಂಡನ್ನು ಮುರಿದುಕೊಂಡು ಆಚೆ ಬದಿಗೆ ಏರುತ್ತದೆ. ಬಿಟ್ಟ ಎತ್ತರಕ್ಕಿಂತ ಎಷ್ಟು ಕಡಿಮೆ ಏರಿತೋ, ಮುರಿಯಲು ಅಷ್ಟು ಶಕ್ತಿ ತಿಂದಿತು ಅಂತ ಲೆಕ್ಕ. ಎಷ್ಟು ಸರಳ ನೋಡಿ. ಆ ಕಚ್ಚು ಯಾಕೆ ಅಂತ ಅಡಿಕೆ ದಬ್ಬೆ ಮುರಿದವರಿಗೆ ಹೇಳಬೇಕಾಗಿಲ್ಲ. ಸುಮ್ನೆ ಮೊಣಕಾಲಿಗೆ ಕೊಟ್ಟು ಬಾಗಿಸಿದರೆ ದಬ್ಬೆ ಬಾಗುತ್ತಲೇ ಇರುತ್ತದೆ. ಕತ್ತಿಯಿಂದ ಒಂದು ಸಣ್ಣ ಏಟು ಹಾಕಿ ಬಾಗಿಸಿದರೆ ಅಲ್ಲೇ ಲಟಕ್ ಅನ್ನುತ್ತದೆ.

ನನ್ನ ಹತ್ತಿರ ಲೋಲಕವೂ ಇಲ್ಲ, ಪ್ರಯೋಗಾಲಯವೂ ಇಲ್ಲ. ಬಚ್ಚಲುಮನೆಯ ಹಿಂದೆ ಕಟ್ಟಿಗೆಯ ರಾಶಿ ಇತ್ತು.

ಮೊದಲು ಸೀಳುವ ಪರೀಕ್ಷೆ. ಚಾಕುವಿನ ಬಾಯಿಯನ್ನು ಕಟ್ಟಿಗೆಯ ತಲೆಯ ಮೇಲೆ ಇಟ್ಟು, ಬೆನ್ನಿನ ಮೇಲೆ ಇನ್ನೊಂದು ಕೊರಡಿನಿಂದ ಬಡಿಯುವುದು. ಇಂಟರ್‌ನೆಟ್ಟಿನಲ್ಲಿ ಚಾಕು ಪರೀಕ್ಷೆ ಮಾಡುವವರಿಗೆಲ್ಲ ಇದು ಗಣಪತಿ ಪೂಜೆ ಇದ್ದ ಹಾಗೆ, ಇದಿಲ್ಲದೆ ಶುರುವಾಗುವುದಿಲ್ಲ. ನಿಜ ಹೇಳಬೇಕೆಂದರೆ ಕೊಡಲಿ ಇರುವ ಮನೆಯಲ್ಲಿ ಇದು ಹುಚ್ಚು ಕೆಲಸ. ನಮ್ಮ ಕೊನೆಗೌಡ ಅಡಿಕೆ ಮರ ಏರಲು ಬಂದವನು ಐದು ನಿಮಿಷ ನಿಂತು ನೋಡಿದ. "ಕೊಡ್ಲಿ ಇಲ್ಲೇ ಇತ್ತಲ್ರೋ" ಅಂದ. ಹೌದು ಅಂದೆ. ಹೋದ.

ಒಣ ಅಡಿಕೆ ದಬ್ಬೆ ಬೆಣ್ಣೆ ಹಾಗೆ ಹೋಯಿತು, ಅದನ್ನು ಲೆಕ್ಕಕ್ಕೆ ಇಡುವ ಹಾಗಿಲ್ಲ. ಅಕೇಶಿಯಾ ಸ್ವಲ್ಪ ಹಟ ಮಾಡಿತು. ಮತ್ತಿ ಮರದ ಗಂಟಿರುವ ತುಂಡಿನಲ್ಲಿ ಚಾಕು ಅರ್ಧ ಇಳಿದು ಸಿಕ್ಕಿಹಾಕಿಕೊಂಡಿತು. ಮೇಲೆ ಬಾರದು, ಕೆಳಗೆ ಹೋಗದು. ಇಂಥಲ್ಲೇ ಸಣ್ಣ ಚಾಕುಗಳು ಸಾಯುವುದು. ಹೊರಗಿರುವ ತುದಿಯ ಮೇಲೆ ಬಡಿಯುತ್ತೇವೆ, ಇನ್ನೊಂದು ಕಡೆ ಹಿಡಿಯನ್ನು ಕೈಯಲ್ಲಿ ಒತ್ತಿ ಹಿಡಿದಿರುತ್ತೇವೆ, ನಡುವೆ ಮರ ತಿರುಚುತ್ತದೆ. ಹತ್ತು ಏಟಿನ ನಂತರ ಗಂಟು ಬಿಟ್ಟಿತು. ಬೆನ್ನಿನ ಮೇಲೆ ಬಣ್ಣ ಹೋಗಿತ್ತು. ರಿವೆಟ್ಟುಗಳು ಅಲುಗಿರಲಿಲ್ಲ. ಬಾಯಿಗೆ ಬೆಳಕು ಹಿಡಿದು ನೋಡಿದೆ, ಹೊಳೆಯುವ ಚುಕ್ಕಿ ಇರಲಿಲ್ಲ. ಹರಿತವಾದ ಬಾಯಿ ಬೆಳಕಿನಲ್ಲಿ ಕಾಣುವುದೇ ಇಲ್ಲ. ಮೊಂಡಾದ ಕಡೆ, ಮುಕ್ಕಾದ ಕಡೆ ಮಾತ್ರ ಹೊಳೆಯುತ್ತದೆ.

ಒಂದು ಎಚ್ಚರಿಕೆ. ಬಡಿಯಲು ಮರದ ಕೊರಡೇ ಬೇಕು. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ಬೆನ್ನು ಜಜ್ಜುತ್ತದೆ, ಚೂರು ಹಾರಿ ಕಣ್ಣಿಗೆ ಬೀಳಬಹುದು. ನಾನು ವೆಲ್ಡಿಂಗ್ ಅಂಗಡಿಯ ಹಳೇ ಕನ್ನಡಕ ಹಾಕಿಕೊಂಡಿದ್ದೆ. ಆಯಿ ಅದನ್ನು ನೋಡಿ ನಕ್ಕಿದ್ದು ಬೇರೆ ವಿಷಯ.

ಎರಡನೆಯದು ಮೊನೆಯದು. ಒಂದು ಸೆಂಟಿಮೀಟರ್ ಆಳ ಮರಕ್ಕೆ ಚುಚ್ಚಿ ಪಕ್ಕಕ್ಕೆ ಮೀಟುವುದು. ಮೂರು ಸಲ ಮೀಟಿದೆ, ಮರವೇ ಎದ್ದು ಬಂತು.

ಮೂರನೆಯದು ತೆಂಗಿನ ಕರಟ. ಇಲ್ಲಿ ಸೋತಿತು. ಒಣ ಕರಟದ ಅಂಚನ್ನು ಹತ್ತಿಪ್ಪತ್ತು ಸಲ ಕೊಚ್ಚಿದ್ದೇ ತಡ, ಬಾಯಿಯ ನಡುವೆ ಮೂರು ಚುಕ್ಕಿ ಹೊಳೆದವು. ಉಗುರು ಎಳೆದರೆ ತಡೆಯಿತು. ಮುಕ್ಕು. ಸಣ್ಣವೇ, ಸಾಸಿವೆ ಕಾಳಿಗಿಂತ ಸಣ್ಣವು. ಆದರೂ ಬೇಜಾರಾಯಿತು. ಬಾಯಿ ಮಡಚಿಕೊಂಡಿದ್ದರೆ ಉಕ್ಕು ಮೆತ್ತಗೆ ಅಂತ ಆಗುತ್ತಿತ್ತು, ಮಸೆಗಲ್ಲಿಗೆ ಕೊಟ್ಟು ಸರಿ ಮಾಡಬಹುದಿತ್ತು. ಮುಕ್ಕಾದರೆ ಪೆಡಸು ಅಂತ ಅರ್ಥ. ಮತ್ತಿಯ ಗಂಟಿಗೆ ಬಗ್ಗದವನು ಕರಟಕ್ಕೆ ಹಲ್ಲು ಉದುರಿಸಿಕೊಂಡನಲ್ಲ ಅಂತ ಆ ದಿನ ಪರೀಕ್ಷೆ ನಿಲ್ಲಿಸಿದೆ.

ಆಮೇಲೆ ಯೋಚಿಸಿದರೆ ತಪ್ಪು ಉಕ್ಕಿನದಾಗಿರದೆ ಬಾಯಿಯ ಕೋನದ್ದೂ ಆಗಿರಬಹುದು ಅನ್ನಿಸಿತು. ಕಂಪನಿಯಿಂದ ಬಂದ ಬಾಯಿ ತುಂಬಾ ತೆಳು. ಇನ್ನೊಂದು ಸಂಶಯವೂ ಇತ್ತು. ಕಾರ್ಖಾನೆಯಲ್ಲಿ ಯಂತ್ರದ ಕಲ್ಲಿಗೆ ಅವಸರದಲ್ಲಿ ಹಿಡಿದಾಗ ಕೂದಲಿನಷ್ಟು ತೆಳುವಾದ ಆ ಅಂಚು ಸುಟ್ಟುಹೋಗುವುದುಂಟು. ಅದರ ಹದ ಅಲ್ಲಿಗೇ ಕೆಡುತ್ತದೆ. ಹೊಸ ಚಾಕು ಎರಡು ಮೂರು ಸಲ ಮಸೆದ ಮೇಲೆ ಮೊದಲಿಗಿಂತ ಚೆನ್ನಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ಮುಕ್ಕು ಹೋಗುವತನಕ ಕಲ್ಲಿಗೆ ತಿಕ್ಕಿದೆ, ಒಂದೊಂದು ಬದಿಗೆ 20 ಡಿಗ್ರಿಯಷ್ಟು ಮಾಡಿ ಬಾಯಿ ಕಟ್ಟಿದೆ. ಅದೇ ಕರಟ, ಅಷ್ಟೇ ಏಟು. ಈ ಸಲ ಒಂದೂ ಚುಕ್ಕಿ ಇಲ್ಲ. ಉಕ್ಕು ಅದೇ, ಕೈ ಅದೇ.

ಆ ದಿನ ನನಗೊಂದು ನಗು ಬಂತು. ಅಗ್ಗದ ಚಾಕುಗಳ ಪೈಕಿ ಡಿ2 ಅನ್ನುವ ಉಕ್ಕಿನದು ಸ್ವಲ್ಪ ಜಾಸ್ತಿ ಬೆಲೆಗೆ ಬರುತ್ತದೆ. 1.5 ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ. ಬಾಯಿ ಬಹಳ ದಿನ ನಿಲ್ಲುತ್ತದೆ, ನಿಜ. ಆದರೆ ಅದರೊಳಗೆ ಕಾರ್ಬೈಡಿನ, ಅಂದರೆ ಇಂಗಾಲ ಲೋಹದ ಜೊತೆ ಸೇರಿ ಆದ, ದಪ್ಪ ಹರಳುಗಳು ಇರುತ್ತವೆ, ಬಿರುಕು ಶುರುವಾಗಲು ಅವೇ ಸಾಕು. ಮೀಟಲು, ಕೊಚ್ಚಲು ಚಾಕು ಬೇಕಾದವನು ಜಾಸ್ತಿ ದುಡ್ಡು ಕೊಟ್ಟು ಕಡಿಮೆ ಜಿಗಿ ತಂದ ಹಾಗಾಗುತ್ತದೆ. ನಾನು ಅದನ್ನೇ ತರಿಸುವವನಿದ್ದೆ. ದಾಸ್ತಾನು ಮುಗಿದಿತ್ತು, ಬಚಾವಾದೆ. ಸ್ವೀಡನ್ನಿನ ಮೋರಾ ಅನ್ನುವ ಊರಿನ ಕಡೆ ತಯಾರಾಗುವ ಚಾಕುಗಳಿವೆ. ಅಗ್ಗವಾಗಿದ್ದೂ ಗಟ್ಟಿ ಅಂತ ಲೋಕವೆಲ್ಲ ಹೆಸರು. ಅವುಗಳಲ್ಲಿ ಎಷ್ಟೋ ಚಾಕುಗಳ ಉಕ್ಕಿನ ಬಾಲ ಹಿಡಿಯ ಕೊನೆತನಕವೂ ಹೋಗುವುದಿಲ್ಲ, ಉಕ್ಕೂ ದೊಡ್ಡ ಹೆಸರಿನದಲ್ಲ. ಹದ ಸರಿ ಇದೆ, ಅಷ್ಟೆ.

ಮುರಿಯುವ ಕೆಲಸಕ್ಕೆ ಆಚಾರಿಯ ಕುಲುಮೆಗೆ ಹೋದೆ. ಬನವಾಸಿ ರಸ್ತೆಯಲ್ಲಿ ಒಳಗೆ ಹೋದರೆ ಸಿಗುತ್ತದೆ. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ. ಕರೆಂಟು ಹೋದ ದಿನ ಆಚಾರಿ ಕವಳ ಹಾಕಿಕೊಂಡು ಕೂತಿರುತ್ತಾರೆ. ನಮ್ಮ ಮನೆಯ ಕತ್ತಿಗಳೆಲ್ಲ ಅವರ ಅಪ್ಪ ಬಡಿದವು, ಇಲ್ಲ ಅವರೇ ಬಡಿದವು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಕತ್ತಿಯ ಅಂಗಡಿ ಹಾಕುತ್ತಿದ್ದರು, ಈಗ ಕಾಲುನೋವು ಅಂತ ಬಿಟ್ಟಿದ್ದಾರೆ.

ಚಾಕು ಕೈಗೆ ತೆಗೆದುಕೊಂಡು ಮೊದಲು ಬೆನ್ನು ನೋಡಿದರು. ಆಮೇಲೆ ಹಿಡಿ. ಬಾಯಿಯನ್ನು ಕೊನೆಗೆ ನೋಡಿದರು.

"ಮುರೀಬೇಕಾ? ಬಗ್ಗಿಸಿದ್ರೆ ಸಾಕಾ ಹೆಗಡೇರೆ?"

"ಮುರಿಯುವತನಕ ಬಗ್ಗಿಸಬೇಕು."

"ಎಂತಕ್ಕೆ?"

ಅಮೆರಿಕದ ಚಾಕು ಕಮ್ಮಾರರ ಸಂಘದ ಕತೆ ಹೇಳಿದೆ. ಅಲ್ಲಿ ಕಮ್ಮಾರನಿಗೆ ಮೊದಲ ಪದವಿ ಬೇಕಾದರೆ ತಾನೇ ಬಡಿದ ಚಾಕುವಿನಿಂದ ನೇತುಬಿಟ್ಟ ಒಂದು ಇಂಚಿನ ಹಗ್ಗವನ್ನು ಒಂದೇ ಬೀಸಿಗೆ ತುಂಡು ಮಾಡಬೇಕು. ಎರಡಿಂಚು ನಾಲ್ಕಿಂಚಿನ ಮರದ ರೀಪನ್ನು ಎರಡು ಕಡೆ ಕೊಚ್ಚಿ ತುಂಡರಿಸಬೇಕು. ಇಷ್ಟಾದ ಮೇಲೂ ಅದೇ ಚಾಕುವಿನಿಂದ ಕೈಮೇಲಿನ ಕೂದಲು ಬೋಳಿಸಲು ಬರಬೇಕು. ಕೊನೆಗೆ ಅದನ್ನು ವೈಸಿಗೆ, ಅಂದರೆ ತಿರುಪು ಬಿಗಿಯುವ ಕಬ್ಬಿಣದ ಇಕ್ಕಳಕ್ಕೆ, ಹಿಡಿದು 90 ಡಿಗ್ರಿ ಬಾಗಿಸಬೇಕು, ಮುರಿಯಬಾರದು. ಆಚಾರಿ ಕೇಳಿ ತಲೆ ಆಡಿಸಿದರು. "ಬಾಯಿಗೆ ಮಾತ್ರ ನೀರು ಕೊಟ್ರೆ ಆಗ್ತದೆ. ಇಡೀ ಅದ್ದಿದ್ರೆ ಆಗೂದಿಲ್ಲ" ಅಂದರು. ಆ ಸಂಘದ ಹೆಸರು ಅವರು ಕೇಳಿಲ್ಲ. ಉತ್ತರ ಮಾತ್ರ ಸರಿ ಇತ್ತು.

ಅವರು ಕತ್ತಿ ಬಡಿಯುವುದು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ. ದಿನವಿಡೀ ಗುಂಡಿ ರಸ್ತೆಯಲ್ಲಿ ಬಾಗಿ ಬಾಗಿ ನೆಟ್ಟಗಾಗುವ ಉಕ್ಕು, ಜಿಗಿಗೆ ಹುಟ್ಟಿದ್ದು. ಕೆಂಪಗೆ ಕಾದ ಕತ್ತಿಯ ಬಾಯಿಯನ್ನು ಮಾತ್ರ ಒಂದಿಂಚು ನೀರಿಗೆ ಇಳಿಸುತ್ತಾರೆ. ಬೆನ್ನು ಹೊರಗೇ ಇರುತ್ತದೆ. ಮೇಲೆತ್ತಿ ಕಲ್ಲಿನಿಂದ ಬಾಯಿಯ ಕಪ್ಪು ಉಜ್ಜಿ ಬಿಳಿ ಮಾಡುತ್ತಾರೆ. ಆಗ ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆ ಹರಿದು ಬರುತ್ತದೆ, ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ಅದು 220–230 ಡಿಗ್ರಿ ಹತ್ತಿರ. ಆಮೇಲೆ ಕಂದು, ನೇರಳೆ. 300 ಡಿಗ್ರಿ ಹತ್ತಿರ ನವಿಲಿನ ಕತ್ತಿನ ನೀಲಿ. ಯಾವ ಬಣ್ಣಕ್ಕೆ ಮತ್ತೆ ನೀರಿಗೆ ಹಾಕಬೇಕು ಅನ್ನುವುದರಲ್ಲಿ ಎಲ್ಲ ಇದೆ. ಆಚಾರಿ ಕತ್ತಿಗೆ ಹಳದಿ ದಾಟಿದ ಮೇಲೆ ಹಾಕುತ್ತಾರೆ. ಅದಕ್ಕೇ ನಮ್ಮ ಕತ್ತಿ ಬೇಗ ಮೊಂಡಾಗುತ್ತದೆ, ದಿನಾ ಮಸೆಯಬೇಕು. ಆದರೆ ಸೊಪ್ಪಿನ ಬೆಟ್ಟದಲ್ಲಿ ಕಲ್ಲಿಗೆ ತಾಗಿ ಮುರಿದ ಕತ್ತಿಯನ್ನು ನಾನು ನೋಡಿದ ನೆನಪಿಲ್ಲ.

ನನ್ನ ಚಾಕುವನ್ನು ವೈಸಿಗೆ ಹಿಡಿದೆವು. ಮೊನೆಯ ಕಡೆಯಿಂದ 3 ಸೆಂಟಿಮೀಟರ್ ವೈಸಿನೊಳಗೆ. ಹಿಡಿಗೆ ಒಂದು ಜಿಐ ಪೈಪಿನ ತುಂಡು ಸಿಕ್ಕಿಸಿದೆವು. ಹಾರಬಾರದು ಅಂತ ಅಲಗಿಗೆ ಹಳೇ ಗೋಣಿಚೀಲ ಸುತ್ತಿದೆವು. ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಮೊದಲೇ ಜೇಬಿಗೆ ಹಾಕಿ ತಂದಿದ್ದೆ. ಅದನ್ನು ವೈಸಿನ ಮೇಲೆ ಮಣ್ಣಿನಿಂದ ಅಂಟಿಸಿ ಮೊಬೈಲಿನಲ್ಲಿ ವಿಡಿಯೋ ಹಚ್ಚಿದೆ.

10 ಡಿಗ್ರಿ ಬಾಗಿಸಿ ಬಿಟ್ಟೆ. ನೆಟ್ಟಗಾಯಿತು. 20 ಡಿಗ್ರಿಗೆ ಹೋಗಿ ಬಿಟ್ಟಾಗ ಪೂರ್ತಿ ಬರಲಿಲ್ಲ, ನಾಲ್ಕೈದು ಡಿಗ್ರಿ ಸೊಟ್ಟಗೆ ಉಳಿಯಿತು. ಮತ್ತೆ ಎಳೆದೆ. ಕೈಗೆ ಒಂದು ಥರದ ಮೆದು ಬಂತು. ಕೊಡಲು ಮನಸ್ಸಿಲ್ಲದವನು ಕೊಟ್ಟ ಹಾಗೆ. 30 ದಾಟಿತು. ಆಚಾರಿ ಕವಳ ಉಗಿದು ಬಂದು ಹತ್ತಿರ ನಿಂತರು. ಆಮೇಲೆ ಟಣ್ ಅಂತ ಶಬ್ದ, ಪೈಪಿನ ಸಮೇತ ನಾನು ಎರಡು ಹೆಜ್ಜೆ ಹಿಂದೆ. ವಿಡಿಯೋದಲ್ಲಿ ಆಮೇಲೆ ನೋಡಿದರೆ 35 ಡಿಗ್ರಿ.

35 ಅಂದರೆ ಒಳ್ಳೆಯದೋ ಕೆಟ್ಟದ್ದೋ? ಇಲ್ಲೊಂದು ಮೋಸ ಇದೆ, ನಾನೂ ಮೊದಲು ಬಿದ್ದಿದ್ದೆ. ತೆಳು ಅಲಗು ಸುಲಭವಾಗಿ ಜಾಸ್ತಿ ಬಾಗುತ್ತದೆ. ಮೀನು ಸೀಳುವ ಉದ್ದದ ಚಾಕು ಬಿಲ್ಲಿನ ಹಾಗೆ ಬಾಗಿ ವಾಪಸ್ ಬರುತ್ತದೆ, ಹಾಗಂತ ಅದರ ಉಕ್ಕಿಗೆ ಜಿಗಿ ಜಾಸ್ತಿ ಅಂತಲ್ಲ. ಬಾಗಿದಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ದಪ್ಪ ಹೆಚ್ಚಾದಷ್ಟೂ ಅದೇ ಬಾಗಿಗೆ ಹೊರಮೈ ಹೆಚ್ಚು ಹಿಗ್ಗಬೇಕಾಗುತ್ತದೆ. ಇತ್ತ ದಪ್ಪ ಎರಡು ಪಟ್ಟಾದರೆ ಬಾಗಿಸಲು ಎಂಟು ಪಟ್ಟು ಬಲ ಬೇಕು. ಅಂದರೆ ದಪ್ಪ ಚಾಕು ಬಾಗಲಿಕ್ಕೇ ಒಪ್ಪುವುದಿಲ್ಲ, ಒಪ್ಪಿಸಿದರೆ ಬೇಗ ಮುರಿಯುತ್ತದೆ. ಬರೀ ಡಿಗ್ರಿ ಕೇಳಿದರೆ ಅರ್ಧ ಕತೆ. ಪೈಪು ಸಿಕ್ಕಿಸದೆ ಬರಿಗೈಯಲ್ಲಿ ನನಗೆ ಅದನ್ನು 10 ಡಿಗ್ರಿಗಿಂತ ಮುಂದೆ ತರಲು ಆಗಿರಲಿಲ್ಲ. ತೋಟದಲ್ಲಿ ನಾನು ಪೈಪು ಹೊತ್ತು ತಿರುಗುವವನಲ್ಲ. ಅಷ್ಟು ನನಗೆ ಸಾಕು.

ಆಚಾರಿಗೆ ಡಿಗ್ರಿಯ ಆಸೆ ಇರಲಿಲ್ಲ. ಅವರು ಮುರಿದ ತುಂಡನ್ನು ಗೋಣಿಯಿಂದ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. "ಇದ್ ನೋಡಿ" ಅಂದರು. ಮುರಿದ ಮೈ ಬೂದು ಬಣ್ಣಕ್ಕಿತ್ತು, ನುಣ್ಣಗೆ. ವಿಭೂತಿ ಗಟ್ಟಿಯನ್ನು ಮುರಿದ ಹಾಗೆ. ಮೂಲೆಯ ಗುಜರಿ ಡಬ್ಬಿಯಿಂದ ಒಂದು ಹಳೇ ಅರದ ತುಂಡು ತೆಗೆದು ಪಕ್ಕದಲ್ಲಿ ಹಿಡಿದರು. ಒಮ್ಮೆ ಅವರ ಮಗ ಅದನ್ನು ಬೆಂಕಿಯಲ್ಲಿ ಮರೆತು ಬಿಟ್ಟಿದ್ದನಂತೆ. ಅದರ ಮೈ ಕಲ್ಲುಸಕ್ಕರೆಯ ಹಾಗೆ ಮಿಣ ಮಿಣ ಹೊಳೆಯುತ್ತಿತ್ತು. ಉಕ್ಕು ಅತಿಯಾಗಿ ಕಾದರೆ ಒಳಗಿನ ಕಣಗಳು ಬೆಳೆದು ದಪ್ಪವಾಗುತ್ತವೆ. ಬಿರುಕು ಅವುಗಳ ಸಂದಿನಲ್ಲಿ ಸಲೀಸಾಗಿ ಓಡುತ್ತದೆ. ಕಣ ಸಣ್ಣವಿದ್ದರೆ ಬಿರುಕಿಗೆ ಹೆಜ್ಜೆ ಹೆಜ್ಜೆಗೂ ತಿರುವು. ಇದನ್ನು ಓದಿ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಕಂಡಿದ್ದು ಅವತ್ತೇ.

"ಕಾಯಿಸಿದವನಿಗೆ ಗೊತ್ತಿತ್ತು" ಅಂದರು ಆಚಾರಿ. ಎಲ್ಲೋ ಚೀನಾದ ಒಲೆ, ಮನುಷ್ಯನೇ ಮುಟ್ಟಿರಲಿಕ್ಕಿಲ್ಲ ಅಂತ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಅವರು ಒಬ್ಬ ಕಮ್ಮಾರನನ್ನು ಹೊಗಳುತ್ತಿದ್ದರು.

ಹಿಡಿಯಿರುವ ಅರ್ಧ ಅವರೇ ಇಟ್ಟುಕೊಂಡರು. "ಆರು ಸೆಂಟಿಮೀಟರ್ ಇದ್ಯಲ್ಲ, ಬಿಸಾಡ್ತೀರಾ?" ಅಂತ ಬೈದು.

ಉಳಿದ ಚಾಕುವನ್ನು ಮುಂದಿನ ವಾರ ಕಾರವಾರಕ್ಕೆ ಒಯ್ದೆ. ಅಲ್ಲಿ ಭಾವ ಇರುತ್ತಾನೆ, ಮನೆ ಕಡಲಿಗೆ ಹತ್ತಿರ. ಎಳನೀರು ಕೆತ್ತಲು, ಗಾಳದ ದಾರ ಕತ್ತರಿಸಲು ನಾಲ್ಕು ದಿನ ಬಳಸಿದೆ. ಉಪ್ಪುನೀರು ತಾಗಿದ್ದನ್ನು ಒರೆಸದೆ ಒರೆಗೆ ಹಾಕಿದ್ದೆ, ಬೇಕಂತಲೇ. ಐದನೇ ದಿನ ಅಲಗಿನ ಮೇಲೆ ಕಿತ್ತಳೆ ಚುಕ್ಕಿಗಳು. 13 ಶೇಕಡಾ ಕ್ರೋಮಿಯಂ ಇದ್ದರೂ ಅದರಲ್ಲಿ ಒಂದು ಪಾಲು ಇಂಗಾಲದ ಜೊತೆ ಕಟ್ಟಿಕೊಂಡು ಕಾರ್ಬೈಡಾಗಿ ಕೂತಿರುತ್ತದೆ, ತುಕ್ಕಿಗೆ ಅಡ್ಡ ನಿಲ್ಲುವುದು ಉಳಿದದ್ದು ಮಾತ್ರ. ಬೂದಿ ಹಾಕಿ ಉಜ್ಜಿದ ಮೇಲೆ ಹೋಯಿತು. ನಮ್ಮ ಮನೆಯ ಕತ್ತಿಯಾದರೆ ಕಾರವಾರ ಬೇಡ, ಜೂನ್ ತಿಂಗಳ ಒಂದು ರಾತ್ರಿ ಸಾಕು.

ಒಂದು ಸಂಜೆ ಭಾವನ ಜೊತೆ ಟ್ಯಾಗೋರ್ ಕಡಲತೀರಕ್ಕೆ ಹೋಗಿದ್ದೆ. ಅಲ್ಲಿ ಚಪಲ್ ಅನ್ನುವ ಹಳೇ ಯುದ್ಧನೌಕೆಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. ಅತ್ತ ದಕ್ಷಿಣಕ್ಕೆ ನೌಕಾನೆಲೆ, ಹೆಸರು ಕದಂಬ. ನಮ್ಮ ಬನವಾಸಿಯ ಕದಂಬರದ್ದೇ ಹೆಸರು, ಆಚಾರಿಯ ಕುಲುಮೆಯ ರಸ್ತೆ ಹೋಗುವುದು ಅವರ ರಾಜಧಾನಿಗೇ. ಹಡಗಿನ ಉಕ್ಕಿನ ತಗಡು ಬೆರಳಿಂದ ತಟ್ಟುತ್ತಾ ಭಾವನಿಗೆ ಇನ್ನೊಂದು ಕತೆ ಹೇಳಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಅವಸರದಲ್ಲಿ ಲಿಬರ್ಟಿ ಅನ್ನುವ ಸರಕು ಹಡಗುಗಳನ್ನು ಕಟ್ಟಿತು, 2,700ಕ್ಕೂ ಹೆಚ್ಚು. ರಿವೆಟ್ಟು ಬಿಟ್ಟು ವೆಲ್ಡಿಂಗ್ ಮಾಡಿ. ಅವುಗಳಲ್ಲಿ ಎಷ್ಟಕ್ಕೋ ಬಿರುಕು ಬಿತ್ತು, ಕೆಲವು ಎರಡು ತುಂಡೇ ಆದವು. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಅನ್ನುವ ಹೊಸ ತೈಲ ಹಡಗು ಬಂದರಿನಲ್ಲಿ, ಅಲೆಯಿಲ್ಲದ ನೀರಿನಲ್ಲಿ ನಿಂತಲ್ಲೇ ಮುರಿಯಿತು. ಕಾರಣದಲ್ಲಿ ದೊಡ್ಡ ಪಾಲು ಚಳಿಯದು. ಬೆಚ್ಚಗಿದ್ದಾಗ ಬಾಗುವ ಆ ಉಕ್ಕು ಚಳಿಯಲ್ಲಿ ಗಾಜಾಗುತ್ತಿತ್ತು. ಅದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯಳು ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್. ರಿವೆಟ್ಟಿನ ಹಡಗಾಗಿದ್ದರೆ ಬಿರುಕು ಒಂದು ತಗಡಿನ ಅಂಚಿಗೆ ನಿಲ್ಲುತ್ತಿತ್ತು. ವೆಲ್ಡಿಂಗ್ ಮಾಡಿದ್ದಕ್ಕೆ ಇಡೀ ಹಡಗು ಒಂದೇ ತಗಡು, ಬಿರುಕಿಗೆ ರಾಜಮಾರ್ಗ.

ಭಾವ ಎಲ್ಲ ಕೇಳಿ, "ಹಂಗಾದ್ರೆ ಒಂದು ಹಡಗು ಜಾಸ್ತಿ ಕಟ್ಟಿ ಮುರಿದು ನೋಡಕಾಗಿತ್ತು" ಅಂದ. ನನ್ನನ್ನು ಆಡಿಕೊಂಡಿದ್ದು. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಈಗ ಹಡಗಿನ ತಗಡಿನ ತುಂಡುಗಳನ್ನು ತಣ್ಣಗೆ ಮಾಡಿ ಚಾರ್ಪಿ ಸುತ್ತಿಗೆಗೆ ಕೊಡುತ್ತಾರಲ್ಲ, ಅದು ಅದೇ.

ವಾಪಸ್ ಬಂದಾಗ ಆಚಾರಿ ಮನೆಗೆ ಒಂದು ಕಾಗದದ ಪೊಟ್ಟಣ ಕಳಿಸಿದ್ದರು. ಮುರಿದ ಅರ್ಧಕ್ಕೆ ಹೊಸ ಮೊನೆ ತೆಗೆದಿದ್ದರು. ಉಜ್ಜುವಾಗ ಬಿಸಿಯಾಗಿ ಹದ ಹೋಗಬಾರದು ಅಂತ ಘಳಿಗೆಗೊಮ್ಮೆ ನೀರಿಗೆ ಅದ್ದಿ ಅದ್ದಿ ಉಜ್ಜಿದ್ದು ಗೊತ್ತಾಗುತ್ತಿತ್ತು, ಎಲ್ಲೂ ನೀಲಿ ಬಣ್ಣ ಇಲ್ಲ. ದುಡ್ಡು ಹೇಳಿರಲಿಲ್ಲ. ಅದೀಗ ಅಡುಗೆಮನೆಯ ಕಿಟಕಿಯಲ್ಲಿ ಇರುತ್ತದೆ. ಆಯಿ ಬಾಳೆಯ ನಾರು ತೆಗೆಯಲು, ಹಲಸಿನ ಕಾಯಿಯ ಮೇಣ ಹೆರೆಯಲು, ಡಬ್ಬಿ ಮುಚ್ಚಳ ಮೀಟಲು ಕೂಡ ಅದನ್ನೇ ಬಳಸುತ್ತಾಳೆ. ಮುಚ್ಚಳ ಮೀಟುವುದು ನೋಡಿ ನನ್ನ ಜೀವ ಹೋಗುತ್ತದೆ. ಬೇಕಾದರೆ ನನ್ನ ಚೆನ್ನಾಗಿರುವ ಚಾಕು ತಗೋ, ಇದರ ಮೊನೆ ತೆಳು ಅಂತ ಮೊನ್ನೆ ಹೇಳಿದೆ.

"ಅದು ಬ್ಯಾಡ, ಮುರದು ಹೋದ್ರೆ ನೀ ಕೂಗ್ತೆ" ಅಂದಳು. "ಇದು ಒಂದ್ಸಲ ಮುರದ್ದು. ಇನ್ನೆಂತ ಆಗ್ತು?"